ಮುನಿತಾಯಮ್ಮನಿಗೆಂದು ಕೊಂಡ ಕ್ಯಾಮೆರಾ

ನಿನ್ನೆ ಬೆಳಿಗ್ಗೆ ಅಟ್ಟದಿಂದ ಕ್ಯಾಮೆರಾ ಚೀಲ ಇಳಿಸಿ ಜಿಪ್ ಎಳೆದೆ. ನೆನೆದ ಗೋಣಿಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಬೂಷ್ಟು! ಒಂದು ಕಾಲಕ್ಕೆ ಇದನ್ನು ಎಳೇ ಕೂಸಿನ ಹಾಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಒರೆಸಿ ಇಡುತ್ತಿದ್ದೆ. ಈಗ ಲೆನ್ಸಿನ ಅಂಚಿಗೆ ಜೇಡರ ಬಲೆಯಂಥ ಬಿಳಿ ಎಳೆಗಳು ಹಬ್ಬಿವೆ. ನಗಬೇಡಿ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಬಟ್ಟೆ ಒಣಹಾಕುವ ಟ್ರೆಡ್‌ಮಿಲ್ಲೋ, ತಂತಿ ಹರಿದ ಗಿಟಾರೋ, ಏನೋ ಒಂದು. ನಮ್ಮ ಕುಂದಲಹಳ್ಳಿ ಕಡೆ ಬಾಡಿಗೆ ಮನೆಗಳ ಅಟ್ಟದ ಮೇಲೆ ಮನೆಗೊಬ್ಬ ಕಲಾವಿದ ಸತ್ತು ಮಲಗಿರುತ್ತಾನೆ.

ನಾನು ಅದನ್ನು ಇಳಿಸಿದ್ದು ಕಲೆಯ ಸೆಳೆತಕ್ಕಲ್ಲ. ನಮ್ಮ ಮನೆಯ ಓನರು ಮುನಿತಾಯಮ್ಮ ಮೊನ್ನೆ ತೀರಿಕೊಂಡರು. ನಿನ್ನೆ ಬೆಳಿಗ್ಗೆಯೇ ಅವರ ಮಗ ಮಂಜುನಾಥ ನಮ್ಮ ಬಾಗಿಲಿಗೆ ಬಂದು ನಿಂತ.

"ಸಾರ್, ಅಮ್ಮಂದು ಒಂದ್ ಒಳ್ಳೆ ಫೋಟೋ ಕೊಡಿ. ನಾಳೆ ಹಾಲು-ತುಪ್ಪ, ಅಷ್ಟ್ರಲ್ಲಿ ಫ್ಲೆಕ್ಸ್ ಕಟ್ಟಿಸ್ಬೇಕು. ಲೀಡರ್ ಬೇರೆ ಬರ್ತೀನಿ ಅಂದವ್ರೆ. ಅದೇ, ಕಿಟಕಿ ಹತ್ರ ಕುಂತಿರೋದು ತೆಗ್ದಿದ್ರಲ್ಲ, ದೇವ್ರು ಕುಂತಂಗವ್ಳೆ ಅದ್ರಲ್ಲಿ. ಅದ್ನೇ ಕೊಡಿ. ಬೇಕಿದ್ರೆ ಕೆಳಗಡೆ ಫೋಟೋ ತೆಗ್ದೋರು ಅಂತ ನಿಮ್ ಹೆಸ್ರೂ ಹಾಕಿಸ್ತೀನಿ."

ಅರ್ಧ ಗಂಟೆ ಬಿಟ್ಟು ಬನ್ನಿ ಎಂದು ಕಳಿಸಿದೆ. ಒಳ್ಳೆ ಫೋಟೋ ಅಂದರೆ ಯಾವುದು ಅನ್ನುವ ವಿಷಯದಲ್ಲಿ ಮುನಿತಾಯಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದರು. ಆ ಮಾತು ಯಾವುದೆಂದು ಹೇಳಬೇಕಾದರೆ ಈ ಕ್ಯಾಮೆರಾ ಕೊಂಡ ಕರ್ಮಕಾಂಡವನ್ನೂ ಹೇಳಲೇಬೇಕು. ಕೂತುಕೊಳ್ಳಿ.

ಫ್ಲೆಕ್ಸಿನ ಮಹಿಮೆ ನಮ್ಮ ಕಡೆಯವರಿಗೆ ಹೊಸದಲ್ಲ. ಮಗು ಹುಟ್ಟಿದರೆ ಫ್ಲೆಕ್ಸ್, ಮಾಲೆ ಹಾಕಿಕೊಂಡು ಯಾತ್ರೆಗೆ ಹೊರಟರೆ ಫ್ಲೆಕ್ಸ್, ಬೀದಿಯ ಪುಂಡನೊಬ್ಬ ಯಾವುದೋ ಘಟಕದ ಉಪಾಧ್ಯಕ್ಷನಾದರೆ ಫ್ಲೆಕ್ಸ್. ಸತ್ತರಂತೂ ಕೇಳಲೇಬೇಡಿ, ಹೆಣ ಮನೆಯಿಂದ ಹೊರಡುವುದಕ್ಕೆ ಮೊದಲೇ ಮುಖ ಸರ್ಕಲ್ ತಲುಪಿರುತ್ತದೆ. ಮುನಿತಾಯಮ್ಮನ ಗಂಡ ಪಿಳ್ಳಪ್ಪನವರು ತೀರಿಕೊಂಡಾಗ ನಾನು ಆ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನಾಲ್ಕಂತಸ್ತು ಎಬ್ಬಿಸಿದ ಮೇಲೂ ಆ ಮನುಷ್ಯ ಪಟ್ಟಾಪಟ್ಟಿ ಚಡ್ಡಿ, ಹೆಗಲಿಗೊಂದು ಟವಲ್ಲು ಬಿಟ್ಟು ಬೇರೆ ತೊಟ್ಟವರಲ್ಲ. ಇದ್ದದ್ದು ವೋಟರ್ ಕಾರ್ಡಿನ ಒಂದೇ ಒಂದು ಫೋಟೋ. ಫ್ಲೆಕ್ಸ್ ಅಂಗಡಿಯವನು ಅದರಿಂದ ತಲೆ ಮಾತ್ರ ಕಿತ್ತು, ಕತ್ತಿನ ಕೆಳಗೆ ಕೋಟು ಟೈ ಜೋಡಿಸಿ, ತುಟಿಗೆ ಕೆಂಪು ಬಳಿದು, ಹಿಂದೆ ಒಂದು ಜಲಪಾತ ಹರಿಸಿ, ನೀರಿನಲ್ಲಿ ಎರಡು ಹಂಸ ಬಿಟ್ಟಿದ್ದ. ಪಿಳ್ಳಪ್ಪನವರು ವಿಮಾ ಕಂಪನಿಯ ಮ್ಯಾನೇಜರಾಗಿ ಸ್ವರ್ಗಕ್ಕೆ ಹೊರಟಿದ್ದರು.

ತಿಥಿ ಮುಗಿದ ಮೇಲೆ ಆ ಫ್ಲೆಕ್ಸು ಹಿತ್ತಲಿನ ಕೊಟ್ಟಿಗೆಯ ಮಾಡಿಗೆ ಹೊದಿಕೆಯಾಯಿತು. ಸುತ್ತ ಅಪಾರ್ಟ್‌ಮೆಂಟು ಎದ್ದರೂ ಮುನಿತಾಯಮ್ಮ ಎರಡು ಹಸು ಬಿಟ್ಟಿರಲಿಲ್ಲ. ಒಂದು ದಿನ ಹಾಲಿಗೆ ಹೋದಾಗ ಕರೆಯುತ್ತಿದ್ದ ಕೈ ನಿಲ್ಲಿಸದೆ ಗಲ್ಲದಿಂದ ಮೇಲೆ ತೋರಿಸಿದರು.

"ನೋಡಪ್ಪ ನಮ್ಮೆಜಮಾನ್ರ. ಐವತ್ತು ವರ್ಸ ಬಾಳ್ವೆ ಮಾಡಿವ್ನಿ, ಒಂದ್ ದಿನ ಕೋಟು ಆಕಿದ್ದು ಕಾಣೆ. ಯಾವಳ ಮನೇಲಿ ಆಕ್ಕೊಂಡಿದ್ರೋ!"

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಅಂದರು: "ನಂಗೂ ಇಂಗೇ ಮಾಡ್ತಾನೆ ಈ ಮಂಜ. ಮೂಗ್ಗೆ ವಜ್ರ ಇಕ್ಕಿ, ತುಟಿಗ್ ಬಣ್ಣ ಬಳ್ದು ಯಾವಳನ್ನೋ ಮಾಡಿ ನಿಲ್ಲುಸ್ತಾನೆ. ಬಂದ ಜನ ಯಾರ್ಗಪ್ಪ ಕೈ ಮುಗಿಯೋದು? ನನ್ ಸಾವಿಗೆ ನಾನಾದ್ರೂ ಇರಬೇಕಲ್ವಾ?"

ಬಾಯಿ ಸುಮ್ಮನಿರಬೇಕಲ್ಲ ನನ್ನದು. "ನಾನು ತೆಗೀತೀನಿ ಬಿಡಿ ಅಮ್ಮ. ಹೆಂಗಿದ್ರೂ ಕ್ಯಾಮೆರಾ ತಗೋಬೇಕು ಅಂತಿದೀನಿ" ಎಂದೆ. ಮೊಬೈಲಿನಲ್ಲಿ ಆಗಲೇ ಒಂದು ತೆಗೆದೂ ತೋರಿಸಿದೆ. ಮೊಬೈಲು ತನಗೆ ತಾನೇ ಅವರ ಮುಖದ ಸುಕ್ಕುಗಳನ್ನೆಲ್ಲ ಸವರಿ ಒಂದು ಬಣ್ಣ ಹಚ್ಚಿತ್ತು. "ಸುಣ್ಣ ಬಳ್ದ ಗೋಡೆ ಅಂಗೈತೆ, ಎತ್ಕೊಂಡೋಗು" ಅಂದರು.

ಹಾಗೆ ಶುರುವಾಯಿತು ನನ್ನ ಕ್ಯಾಮೆರಾ ಹುಡುಕಾಟ. ಹುಡುಕಾಟವಲ್ಲ, ಹುಚ್ಚು. ನಮ್ಮ ಆಫೀಸಿನಲ್ಲಿ ಪ್ರಸಾದ್ ಎಂಬ ಒಬ್ಬ ಮಹಾನುಭಾವನಿದ್ದ. ಕತ್ತಿಗೆ ಎರಡು ಕ್ಯಾಮೆರಾ, ಸೊಂಟಕ್ಕೆ ಮೂರು ಲೆನ್ಸು ಕಟ್ಟಿಕೊಂಡು ಆಫೀಸಿಗೆ ಬರುತ್ತಿದ್ದ. ಹಾಗೆ ಬಂದು ಕ್ಯಾಂಟೀನಿನ ಕಾಫಿ ಲೋಟದ ಫೋಟೋ ತೆಗೆಯುತ್ತಿದ್ದ. ವರ್ಷಗಟ್ಟಲೆ ಅದೇ ಲೋಟ. ಅವನ ಹತ್ತಿರ ಹೋಗಿ ಯಾವ ಕ್ಯಾಮೆರಾ ತಗೊಳ್ಳಲಿ ಎಂದು ಕೇಳಿದ್ದು ನಾನು. ಬೆಲ್ಲ ಇದ್ದಲ್ಲಿ ನೊಣ ಅನ್ನುತ್ತಾರಲ್ಲ, ಇಲ್ಲಿ ಬೆಲ್ಲವೇ ನೊಣವನ್ನು ಹುಡುಕಿಕೊಂಡು ಹೋಯಿತು.

"ಗುರು, ಫಸ್ಟು ನೀನು ಯಾವ ಕಡೆ ಅಂತ ಡಿಸೈಡ್ ಮಾಡು" ಎಂದ. ಯಾವ ಕಡೆ ಅಂದರೆ ಯಾವ ಕಂಪನಿಯ ಕಡೆ. ಎರಡು ದೊಡ್ಡ ಕಂಪನಿಗಳಿದ್ದವು. ಒಂದರ ಭಕ್ತರು ಇನ್ನೊಂದರ ಭಕ್ತರ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ನಡುವೆ ಕನ್ನಡಿಯೇ ಇಲ್ಲದ ಹೊಸ ಮತವೊಂದು ಹುಟ್ಟಿತ್ತು. ಅದಕ್ಕೆ ಮಿರರ್‌ಲೆಸ್ ಎಂದು ಹೆಸರು. ಪ್ರಸಾದ್ ಆ ಮತಕ್ಕೆ ಆಗಷ್ಟೇ ಸೇರಿದ್ದ, ಹೊಸದಾಗಿ ಸೇರಿದವನ ಆವೇಶ ನಿಮಗೆ ಗೊತ್ತಲ್ಲ. ಕನ್ನಡಿ ಇರುವ ಹಳೇ ಜಾತಿಯ ಕ್ಯಾಮೆರಾ ಕೊಂಡರೆ ಮೋಕ್ಷವಿಲ್ಲ ಎಂದು ಅವನ ಖಚಿತ ಅಭಿಪ್ರಾಯ. ಸೆನ್ಸರ್ ದೊಡ್ಡದಿರಬೇಕು, ಲೆನ್ಸು ಬೆಳಕನ್ನು ಬಕ ಬಕ ಕುಡಿಯಬೇಕು, ಎಲ್ಲಕ್ಕಿಂತ ಮಿಗಿಲಾಗಿ ಹಿನ್ನೆಲೆ ಮಸುಕಾಗಬೇಕು. "ಬ್ಯಾಕ್‌ಗ್ರೌಂಡ್ ಬೆಣ್ಣೆ ಥರ ಕರಗ್ಬೇಕು ಮಗಾ. ಕರಗ್ಲಿಲ್ಲ ಅಂದ್ರೆ ಅದು ಫೋಟೋನೇ ಅಲ್ಲ." ಆ ಮಸುಕಿಗೂ ಒಂದು ಜಪಾನೀ ಹೆಸರಿತ್ತು, ಅದನ್ನು ಉಚ್ಚರಿಸುವಾಗ ಅವನ ಕಣ್ಣು ಅರೆಮುಚ್ಚುತ್ತಿತ್ತು.

ನಾನೋ, ಹಿಂದೆ ಮುಂದೆ ನೋಡದೆ ನಂಬಿದೆ. ಊಟ ಮಾಡುವಾಗ ವಿಡಿಯೋ, ಬಸ್ಸಿನಲ್ಲಿ ವಿಡಿಯೋ. ಅದರಲ್ಲಿ ಒಬ್ಬ ದಾಡಿವಾಲಾ ಎರಡು ಕ್ಯಾಮೆರಾ ಪಕ್ಕಪಕ್ಕ ಇಟ್ಟು ಒಂದೇ ಇಟ್ಟಿಗೆ ಗೋಡೆಯ ಚಿತ್ರ ತೆಗೆದು, ಮೂಲೆಯ ಇಟ್ಟಿಗೆ ಇದರಲ್ಲಿ ಚೆನ್ನಾಗಿ ಬಂದಿದೆ ಎನ್ನುತ್ತಿದ್ದ. ಮೂಲೆಯ ಇಟ್ಟಿಗೆ ಯಾರಿಗೆ ಬೇಕು ಸ್ವಾಮಿ? ಆದರೆ ಆಗ ನನಗೆ ಬೇಕಾಗಿತ್ತು. ಒಂದು ಮಾಡೆಲ್ ನಿಕ್ಕಿ ಮಾಡುವಷ್ಟರಲ್ಲಿ ಅದರ ತಮ್ಮ ಹುಟ್ಟುತ್ತಿದ್ದ. ತಮ್ಮ ಬಂದ ಮೇಲೆ ಅಣ್ಣ ದಂಡಪಿಂಡವೆಂದು ಅದೇ ದಾಡಿವಾಲಾ ಹೇಳುತ್ತಿದ್ದ. ಹೀಗೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಿತು. ಮುನಿತಾಯಮ್ಮ ಗೇಟಿನ ಹತ್ತಿರ ಸಿಕ್ಕಾಗಲೆಲ್ಲ "ತಂದಾ?" ಎನ್ನುತ್ತಿದ್ದರು. ಇನ್ನೂ ನೋಡ್ತಿದೀನಿ ಅಂದರೆ, "ಎಣ್ಣು ತರಕ್ಕೂ ಇಷ್ಟು ಜಾತ್ಕ ನೋಡ್ಲಿಲ್ಲ ನಾವು. ನಾನು ಓಗೋದ್ರೊಳಗೆ ತತ್ತೀಯೋ, ಓದ್ಮೇಲೋ?" ಎಂದು ನೀರಿಳಿಸುತ್ತಿದ್ದರು.

ಕ್ಯಾಮೆರಾ ಇಲ್ಲದಿದ್ದರೂ ಪ್ರಸಾದನ ಜೊತೆ ಫೋಟೋ ವಾಕ್ ಎಂಬುದಕ್ಕೆ ಹೋದೆ. ಭಾನುವಾರ ಬೆಳಗಿನ ಜಾವ ಬೇಗೂರಿನ ಹಳೇ ದೇವಸ್ಥಾನದ ಮುಂದೆ ಒಂದು ದೊಡ್ಡ ಹಿಂಡು ಜನ, ಎಲ್ಲರದೂ ಜೇಬುಗಳೇ ತುಂಬಿದ ಜಾಕೆಟ್ಟು. ಹುಲಿ ಶಿಕಾರಿಗೆ ಬಂದವರ ಹಾಗಿದ್ದರು; ಸಿಕ್ಕಿದ್ದು ಒಬ್ಬ ಹೂವಾಡಗಿತ್ತಿ. ಅವಳ ಸುತ್ತ ಮಂಡಿಯೂರಿ, ಮಲಗಿ, ಗೋಡೆ ಹತ್ತಿ ಎಲ್ಲರೂ ಹೂ ಕಟ್ಟುವ ಅವಳ ಕೈಯನ್ನೇ ಕ್ಯಾಮೆರಾದಲ್ಲಿ ಹೊಡೆದರು. ಒಬ್ಬನಾದರೂ ಒಂದು ಮೊಳ ಹೂವು ಕೊಳ್ಳಲಿಲ್ಲ. ಒಳಗೆ ಅರ್ಚಕರು ಮಂಗಳಾರತಿ ಎತ್ತಿದರು. ಜ್ವಾಲೆ ಶಾರ್ಪ್ ಬರಲಿಲ್ಲವೆಂದು ಒಬ್ಬ, "ಸಾರ್, ಒನ್ ಮೋರ್, ಸ್ವಲ್ಪ ಸ್ಲೋ ಆಗಿ" ಎಂದ. ಅರ್ಚಕರು ಅವನನ್ನು ನೋಡಿದ ನೋಟ ಸಿಕ್ಕಿದ್ದರೆ ಅದೊಂದು ಒಳ್ಳೆಯ ಫೋಟೋ ಆಗುತ್ತಿತ್ತು. ಅದನ್ನು ಯಾರೂ ತೆಗೆಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಜನ ವಾಪಸ್ ಬರುವಾಗ ದಾರಿಯುದ್ದಕ್ಕೂ ಲೆನ್ಸು ಡೊಂಕು ಎಂದು ಮಾತಾಡಿದರು. ಮುಂದಿನ ತಿಂಗಳು ಯಾವ ಲೆನ್ಸು ಕೊಳ್ಳಬೇಕೆಂದು ತೀರ್ಮಾನಿಸಿ, ದೋಸೆ ತಿಂದು, ದೋಸೆಯ ಫೋಟೋ ತೆಗೆದು ಚದುರಿದರು.

ಕೊನೆಗೊಂದು ದಿನ ಪ್ರಸಾದ್ ಬರೆದುಕೊಟ್ಟ ಕನ್ನಡಿಯಿಲ್ಲದ ಕ್ಯಾಮೆರಾ ತರಲು ಹೊರಟೆ. ಮುನಿತಾಯಮ್ಮ ಗೇಟಿನಲ್ಲೇ ಹಿಡಿದರು. "ತಡಿ, ನಾನೂ ಬತ್ತೀನಿ. ತೆಗೆಸ್ಕೊಳ್ಳೋಳು ನಾನಲ್ವಾ?" ಎಂದು ಸೆರಗು ಹೊದ್ದು ಆಟೋದಲ್ಲಿ ಕೂತೇಬಿಟ್ಟರು. ವೈಟ್‌ಫೀಲ್ಡ್ ರಸ್ತೆಯ ದೊಡ್ಡ ಅಂಗಡಿ. ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದರು, ಬೇಡ ಎಂದೆ. ಟೈ ಕಟ್ಟಿದ ಹುಡುಗ ಬಂದು, "ಸಾರ್, ಪರ್ಪಸ್ ಏನು? ವೈಲ್ಡ್‌ಲೈಫಾ, ವೆಡ್ಡಿಂಗಾ, ಟ್ರಾವೆಲ್ಲಾ?" ಎಂದು ಕೇಳಿದ. ನಾನು ತಡವರಿಸುತ್ತಿದ್ದೆ.

"ಸಾವಿಗೆ ಕಣಪ್ಪ" ಅಂದರು ಮುನಿತಾಯಮ್ಮ.

ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಪೋರ್ಟ್ರೇಟ್, ಪೋರ್ಟ್ರೇಟ್ ಎಂದು ನಾನು ತಿಪ್ಪೆ ಸಾರಿಸಿದೆ. ಅವನು ನನ್ನ ಚೀಟಿಯಲ್ಲಿದ್ದ ಕ್ಯಾಮೆರಾ ತಂದು, ಅವರ ಮುಖಕ್ಕೆ ಹಿಡಿದು ಒಂದು ತೆಗೆದ. "ಊಂ, ತೆಗಿ ಮತ್ತೆ" ಅಂದರು. ತೆಗೆದೆ ಅಮ್ಮ ಎಂದ. "ಯಾವಾಗ? ಸದ್ದೇ ಬರ್ಲಿಲ್ಲ?" ಇದು ಸೈಲೆಂಟ್, ಅದೇ ಇದರ ಸ್ಪೆಷಲ್ಲು ಎಂದು ಅವನು ವಿವರಿಸಿದ. ಅವರು ಕೇಳಲೇ ಇಲ್ಲ. ಕಪಾಟಿನ ಮೂಲೆಯಲ್ಲಿ ದಪ್ಪಗೆ ಕೂತಿದ್ದ ಹಳೇ ಜಾತಿಯದೊಂದನ್ನು ತೋರಿಸಿ ತೆಗೆಸಿದರು. ಅವನು ಗುಂಡಿ ಒತ್ತಿದ. ಟಕ್!

"ಇದು! ಸದ್ದಿಲ್ದೆ ಬಂದು ಎತ್ಕೊಂಡೋಗೋನು ಕಳ್ಳ ಕಣಪ್ಪ. ನನ್ ಮುಖ ತಕ್ಕೊಂಡ್ರೆ ನಂಗೆ ಗೊತ್ತಾಗ್ಬೇಕು."

ಒಂದು ವರ್ಷದ ನನ್ನ ತಪಸ್ಸು, ಪ್ರಸಾದನ ಉಪದೇಶ, ದಾಡಿವಾಲಾನ ಇಟ್ಟಿಗೆ ಗೋಡೆ, ಎಲ್ಲ ಒಂದು ಟಕ್‌ಗೆ ನೆಗೆದುಬಿದ್ದು ಹೋದವು. ಅಂಗಡಿಯಲ್ಲಿ ಅವರೊಡನೆ ವಾದ ಮಾಡುವ ಎದೆ ನನಗಿರಲಿಲ್ಲ. ಅದನ್ನೇ ಕೊಂಡು ತಂದೆ. ಮನೆಗೆ ಬಂದ ತಕ್ಷಣ ಅದಕ್ಕೆ ಪೂಜೆಯಾಯಿತು: ಹೊಸ ಟ್ರ್ಯಾಕ್ಟರಿಗೆ ಮಾಡುವ ಹಾಗೆಯೇ ಹೂವು, ನಿಂಬೆಹಣ್ಣು, ಊದುಬತ್ತಿ. ಅರಿಶಿನ ಮೆತ್ತಿದ ಬೆರಳು ನೇರವಾಗಿ ಲೆನ್ಸಿನ ಗಾಜಿಗೆ ಹೊರಟಾಗ ನಾನು ಕಿರುಚಿಕೊಂಡ ಸದ್ದಿಗೆ ಹಸು ಬೆದರಿತು. ವಿಷಯ ತಿಳಿದ ಪ್ರಸಾದ್ ಮೂರು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಫೋಟೋ ದಿನ ಮುನಿತಾಯಮ್ಮ ರೇಷ್ಮೆ ಸೀರೆ ಉಟ್ಟು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಂಡಿಗೆ ಕೈಯೂರಿ, ಉಸಿರು ಬಿಗಿಹಿಡಿದು ಕೂತರು. ಹತ್ತು ಹನ್ನೆರಡು ತೆಗೆದೆ. ಎಲ್ಲದರಲ್ಲೂ ಪೊಲೀಸ್ ಸ್ಟೇಷನ್ನಿಗೆ ಕರೆಸಿದವರ ಹಾಗಿದ್ದರು. ಸಾಕು ಎಂದಾಗ ಎದ್ದು ಹೋಗಿ ಒಳಗೆ ಕಿಟಕಿಯ ಪಕ್ಕ ಸುಸ್ತಾಗಿ ಕೂತರು. ಆಗ ಕದ್ದು ನಾಲ್ಕು ಟಕ್ ಅನ್ನಿಸಿದೆ. ಅಬ್ಬಾ, ಅದೇನು ಬಂತು ಅಂತೀರಿ! ಅರ್ಧ ಮುಖಕ್ಕೆ ಬೆಳಕು, ಅರ್ಧಕ್ಕೆ ನೆರಳು, ಒಂದೊಂದು ಸುಕ್ಕೂ ಎಣಿಸುವ ಹಾಗೆ, ತಗ್ಗಿದ ರೆಪ್ಪೆ, ಮಡಿಲಲ್ಲಿ ಮಡಿಸಿದ ಕೈ. ಹಿಂದೆ ಎಲ್ಲವೂ ಬೆಣ್ಣೆ, ಬೆಣ್ಣೆ. ಮೊಬೈಲ್ ಸ್ಟೇಟಸ್ಸಿಗೆ ಹಾಕಿದೆ. ಪ್ರಸಾದನೇ ಸೋತು, "ಇಂಟರ್‌ನ್ಯಾಷನಲ್ ಲೆವೆಲ್ ಮಗಾ" ಎಂದು ಕಳಿಸಿದ. ಆ ರಾತ್ರಿ ನಾನು ನೆಲದ ಮೇಲೆ ನಡೆಯಲಿಲ್ಲ.

ಮಾರನೇ ದಿನ ಮುನಿತಾಯಮ್ಮನಿಗೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು.

"ಯಾರಪ್ಪ ಇವ್ಳು, ಪಾಪದೋಳು?"

"ನೀವೇ ಅಮ್ಮ."

"ನಾನ್ಯಾವತ್ತು ಇಂಗೆ ತಲೆ ಬಗ್ಗಿಸ್ಕೊಂಡು ಕುಂತಿದ್ದೆ? ಮಕ್ಳು ಅನ್ನ ಇಕ್ದೆ ಒರಗೆ ಆಕಿದೋಳ ಅಂಗವ್ಳೆ. ಇಂದೆ ಏನಿದು ಮಸುಕು ಮಸುಕು? ನನ್ ಮನೆ ಎಲ್ಲಿ? ಬುಟ್ಟೀಲಿ ಜಲ್ಲಿ ಒತ್ತು ಕಟ್ಟಿಸಿದ ಮನೆ ಕಣೋ ಅದು, ಅದ್ನೇ ಅಳಿಸ್ಬಿಟ್ಟಾ?"

ಕಲೆ ಅಂದರೇನು ಎಂದು ನಾನು ವಿವರಿಸಲು ಹೋದೆ ಅನ್ನುವುದನ್ನು ನೆನೆದರೆ ಈಗ ಮೈ ಉರಿಯುತ್ತದೆ. ಹೀಗೇ ಗೇಟಿನ ಹತ್ತಿರ ನಿಂತು, ಕ್ಯಾಮೆರಾ ಕೈಯಲ್ಲಿ ಹಿಡಿದು ಬೆಳಕು, ನೆರಳು ಎಂದು ಭಾಷಣ ಬಿಗಿಯುತ್ತಿದ್ದಾಗ ಮೇಲಿನಿಂದ ದೊಪದೊಪ ನೀರು ಸುರಿಯಿತು. ಆ ವಾರ ಮೋಟಾರು ಹಾಕಿ ಆರಿಸುವ ಪಾಳಿ ನಮ್ಮ ಮನೆಯದು. ಹಾಕಿದ್ದೆ, ಮರೆತಿದ್ದೆ, ಟ್ಯಾಂಕು ತುಂಬಿ ಚೆಲ್ಲುತ್ತಿತ್ತು. ಮುನಿತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಕಡೆ ತಿರುಗಿದರು.

"ಮೋಟ್ರು ಆರಿಸೋ ಮೂದೇವಿ! ನೀರು ಏನ್ ನಿಮ್ಮಪ್ಪನ ಮನೇಲಿ ಉಟ್ತದಾ?"

ಗಾಬರಿಗೆ ನನ್ನ ಬೆರಳು ಗುಂಡಿಯ ಮೇಲೆ ಬಿತ್ತು. ಟಕ್.

ಮೋಟಾರು ಆರಿಸಿ ಬಂದು ನೋಡಿದರೆ, ಆ ಚಿತ್ರದಲ್ಲಿ ಪ್ರಸಾದ್ ಹೇಳಿಕೊಟ್ಟ ಒಂದು ಲಕ್ಷಣವೂ ಇರಲಿಲ್ಲ. ನಡು ಮಧ್ಯಾಹ್ನದ ಬಿಸಿಲು. ತೋರುಬೆರಳು ನೆಟ್ಟಗೆ ನೋಡುವವನ ಮೂಗಿನ ನೇರಕ್ಕೆ. ಬಾಯಿ ತೆರೆದಿದೆ, ಮುಂದಿನ ಹಲ್ಲಿಲ್ಲದ ಜಾಗ ಕಾಣುತ್ತಿದೆ. ಹಿಂದೆ ಗೇಟು, ಮೆಟ್ಟಿಲು, ನಾಲ್ಕಂತಸ್ತು, ಒಣಹಾಕಿದ ಲಂಗ, ಸುರಿಯುವ ನೀರು, ಎಲ್ಲವೂ ಸ್ಪಷ್ಟವಾಗಿ ಬಂದಿವೆ. ಅಳಿಸಿಬಿಡೋಣ ಅಂದುಕೊಳ್ಳುತ್ತಿದ್ದೆ. ಅವರು ಕೈ ಹಿಡಿದರು. ಬಹಳ ಹೊತ್ತು ನೋಡಿದರು.

"ಇದು ನಾನು" ಅಂದರು. ಮುಖ ಅರಳಿತ್ತು. "ಇದ್ನೇ ಆಕ್ಬೇಕು. ಮಂಜ ಒಪ್ಪಾಕಿಲ್ಲ. ನೀನು ಬುಡಬ್ಯಾಡ. ಮಾತು ಕೊಡು."

ಕೊಟ್ಟೆ. ಬದುಕಿರುವವರ ಸಾವಿನ ಮಾತಿಗೆ ಹೂಂ ಅನ್ನುವುದು ಬಲು ಸುಲಭ. ಆಮೇಲೆ ನಿಧಾನಕ್ಕೆ ಹುಚ್ಚು ಇಳಿದು ಕ್ಯಾಮೆರಾ ಅಟ್ಟ ಸೇರಿತು. ಮುನಿತಾಯಮ್ಮ ಮಾತ್ರ ಮೊನ್ನೆಯವರೆಗೂ ಗೇಟಿನಲ್ಲಿ ನಿಂತು ಲೋಕವನ್ನೆಲ್ಲ ಬೈಯುತ್ತಲೇ ಇದ್ದರು.

ನಿನ್ನೆ, ಮಂಜುನಾಥನನ್ನು ಕಳಿಸಿದ ಮೇಲೆ, ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಎರಡು ಚಿತ್ರಗಳನ್ನೂ ಪಕ್ಕಪಕ್ಕ ತೆರೆದೆ. ನಿಜ ಹೇಳುತ್ತೇನೆ, ಆಸೆಯಾಯಿತು. ಕಿಟಕಿಯ ಚಿತ್ರ ನನ್ನ ಜೀವಮಾನದಲ್ಲಿ ನಾನು ತೆಗೆದ ಒಂದೇ ಒಂದು ಸೊಗಸಾದ ಚಿತ್ರ. ಎರಡಾಳೆತ್ತರಕ್ಕೆ ಸರ್ಕಲ್ಲಿನಲ್ಲಿ ನಿಲ್ಲುತ್ತದೆ, ಕೆಳಗೆ ನನ್ನ ಹೆಸರು. ಮಗನೇ ಅದನ್ನು ಕೇಳುತ್ತಿದ್ದಾನೆ, ಹೋದವರು ಬಂದು ಕೇಳುವುದಿಲ್ಲ. ಬೇಗೂರಿನಲ್ಲಿ ಮಂಗಳಾರತಿಯನ್ನು ಇನ್ನೊಮ್ಮೆ ಎತ್ತಿ ಎಂದವನನ್ನು ನೋಡಿ ಮನಸ್ಸಿನಲ್ಲೇ ಥೂ ಅಂದಿದ್ದೆನಲ್ಲ, ಈಗ ನಾನೂ ಅವನ ಪಕ್ಕದಲ್ಲೇ ಕ್ಯಾಮೆರಾ ಹಿಡಿದು ನಿಂತ ಹಾಗಾಗಿತ್ತು. ಇನ್ನೂ ಸ್ವಲ್ಪ ಹೊತ್ತು ನೋಡುತ್ತ ಕೂತರೆ ಕೊಟ್ಟುಬಿಡುತ್ತೇನೆ ಅನ್ನಿಸಿತು. ಕಿಟಕಿಯ ನಾಲ್ಕನ್ನೂ ಕಾರ್ಡಿನಿಂದ ಅಳಿಸಿದೆ. ಲ್ಯಾಪ್‌ಟಾಪಿನಿಂದ ಅಳಿಸಿದೆ. ಮೊಬೈಲಿನಿಂದಲೂ ಅಳಿಸಿದೆ. ಖಂಡಿತವಾಗಿಯೂ ಅಳಿಸಲೇ ಎಂದು ಅದು ಪ್ರತಿ ಸಲವೂ ಕೇಳಿತು, ಹೊಟ್ಟೆ ಉರಿದುಕೊಂಡೇ ಹೂಂ ಅಂದೆ.

ಮಂಜುನಾಥ ಬಂದ. ಗೇಟಿನ ಚಿತ್ರವನ್ನು ಅವನ ಮೊಬೈಲಿಗೆ ಕಳಿಸಿದೆ. "ಉಳಿದಿರೋದು ಇದೊಂದೇ ಮಂಜು" ಎಂದೆ.

"ಅಯ್ಯೋ ಇದಾ? ಬೈತಾವ್ಳಲ್ಲ ಸಾರ್! ಸತ್ತೋರು ಬೈಯ್ಯೋ ಫ್ಲೆಕ್ಸ್ ಎಲ್ಲಾದ್ರೂ ನೋಡಿದೀರಾ? ಜನ ಏನಂತಾರೆ? ಡಿಸೈನರ್‌ಗೆ ಹೇಳಿ ಬಾಯಾದ್ರೂ ಮುಚ್ಚಿಸ್ಬೋದಾ?"

"ಇದ್ದಾಗ ಯಾರಾದ್ರೂ ಮುಚ್ಸಿದ್ರಾ?"

ಅವನಿಗೆ ಫಕ್ಕನೆ ನಗು ಬಂತು. ನಗುತ್ತಲೇ ಮೊಬೈಲನ್ನು ಹತ್ತಿರ ಹಿಡಿದು ನೋಡಿದ. ಮೊನ್ನೆಯಿಂದ ಶಾಮಿಯಾನ, ಐಸ್ ಪೆಟ್ಟಿಗೆ, ಲೀಡರ್ ಎಂದು ಫೋನಿನಲ್ಲೇ ಓಡಾಡುತ್ತಿದ್ದ ಗಂಡಸು ನಮ್ಮ ಹೊಸ್ತಿಲ ಮೇಲೆ ಕುಕ್ಕರಿಸಿ ಅಮ್ಮಾ ಎಂದು ಅಳತೊಡಗಿದ. ನಾನು ಒಳಗೆ ಹೋಗಿ ನೀರು ತಂದುಕೊಟ್ಟೆ. ಹೋಗುವಾಗ, ಅಂಗಡಿಯವನಿಗೆ ಫೋನ್ ಮಾಡಿ, "ಏನೂ ಕೈ ಹಾಕ್ಬೇಡ, ಹೆಂಗವ್ಳೋ ಹಂಗೇ ಹೊಡಿ" ಎಂದು ಹೇಳುತ್ತಿದ್ದದ್ದು ಮೆಟ್ಟಿಲಿನಲ್ಲಿ ಕೇಳಿಸಿತು.

ಇವತ್ತು ಹಾಲು-ತುಪ್ಪ. ಬೆಳಿಗ್ಗೆಯಿಂದ ಬಾಲ್ಕನಿಯಲ್ಲಿ ನಿಂತಿದ್ದೇನೆ. ಗೇಟಿನ ಪಕ್ಕ ಮುನಿತಾಯಮ್ಮ ಎರಡಾಳೆತ್ತರ ನಿಂತಿದ್ದಾರೆ, ಹಲ್ಲಿಲ್ಲದ ಬಾಯಿ ತೆರೆದು, ಬೆರಳು ಚಾಚಿ, ತಮ್ಮ ಮನೆಯ ಮುಂದೆಯೇ. ಬಂದ ಹೆಂಗಸರು ಮೊದಲು ಬಾಯಿಗೆ ಸೆರಗು ಇಟ್ಟುಕೊಳ್ಳುತ್ತಾರೆ, ನಗುವುದೋ ಅಳುವುದೋ ಗೊತ್ತಾಗುವುದಿಲ್ಲ. ಈಗಷ್ಟೇ ನೆಂಟನೊಬ್ಬ ಕೈಯಲ್ಲಿ ದೊಡ್ಡ ಹಾರ ಹಿಡಿದು ಬಂದ. ಬೈಕನ್ನು ಗೇಟಿಗೆ ಅಡ್ಡಲಾಗಿ ನಿಲ್ಲಿಸಿ ಇಳಿದು, ಹಾರ ಸರಿಮಾಡಿಕೊಂಡು ತಲೆಯೆತ್ತಿದ. ಎತ್ತಿದವನು ಹಾಗೇ ನಿಂತ. ಆಮೇಲೆ ಹಾರವನ್ನು ಭುಜಕ್ಕೆ ಹಾಕಿಕೊಂಡು ವಾಪಸ್ ಹೋಗಿ, ಬೈಕನ್ನು ಪಕ್ಕಕ್ಕೆ ತಳ್ಳಿ ಗೋಡೆಗೆ ಒತ್ತಿ ನಿಲ್ಲಿಸಿ, ಬಂದು ಕೈ ಮುಗಿದ.